ಬಿಸುವಿಲ್ಲದ ಬೇಸಿಗೆ

ತಂಗಿಯ ಮಕ್ಕಳಿಬ್ಬರನ್ನು ನೆರಿಯದಿಂದ ಕರೆತರಲು ಆ ವರ್ಷ ನಾನೇ ಹೋದೆ. ಅದಕ್ಕೆ ಮೊದಲಿನ ಬೇಸಿಗೆಗಳಲ್ಲಿ ಹಾಗೆ ಹೋಗಬೇಕಾದ ಅಗತ್ಯವೇ ಇರಲಿಲ್ಲ. ಶಾಲೆಗೆ ರಜೆ ಸಿಕ್ಕಿದ ಕೂಡಲೇ ತಂಗಿ ಬಟ್ಟೆಯ ಬ್ಯಾಗು, ಒಂದು ಚೀಲ ಗೇರುಬೀಜ, ಎರಡು ಮಕ್ಕಳು ಇಷ್ಟನ್ನೂ ಎಳೆದುಕೊಂಡು ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಿ, ಬಿ.ಸಿ. ರೋಡಿನಲ್ಲಿ ಇಳಿದು, ರಿಕ್ಷಾದಲ್ಲಿ ನರಿಕೊಂಬಿನ ನಮ್ಮ ಅಂಗಳಕ್ಕೆ ಬರುತ್ತಿದ್ದಳು. ರಿಕ್ಷಾ ನಿಲ್ಲುವ ಮೊದಲೇ ಅವಳ ಮಾತು ಶುರುವಾಗಿರುತ್ತಿತ್ತು.

ಹಿಂದಿನ ಮಳೆಗಾಲ ಮುಗಿಯುವಾಗ ಅವಳಿಗೆ ಜ್ವರ ಬಂತು. ಮೊದಲು ಬೆಳ್ತಂಗಡಿಯಲ್ಲಿ, ಆಮೇಲೆ ಮಂಗಳೂರಿನಲ್ಲಿ ಆಸ್ಪತ್ರೆಗೆ ಸೇರಿಸಿದೆವು. ಇಲಿಜ್ವರ, ಕಿಡ್ನಿಗೆ ಹೋಗಿದೆ ಎಂದರು. ಎಲ್ಲರೂ ತಮ್ಮಿಂದ ಆದಷ್ಟು ಮಾಡಿದರು. ಅವಳು ಉಳಿಯಲಿಲ್ಲ. ಅವಳ ಗಂಡ ಮಸ್ಕತ್ತಿನಲ್ಲಿ ಕೆಲಸದಲ್ಲಿದ್ದವನು ಓಡಿ ಬಂದ. ಕ್ರಿಯೆ ಮುಗಿಸಿ, ರಜೆ ಮುಗಿದ ಮೇಲೆ ತಿರುಗಿ ಹೋದ. ಮಕ್ಕಳ ಶಾಲೆ ಅರ್ಧದಲ್ಲಿ ನಿಲ್ಲಬಾರದೆಂದು ಅವರು ನೆರಿಯದಲ್ಲೇ, ಅವನ ತಾಯಿಯ ಹತ್ತಿರ ಉಳಿದರು. ದೊಡ್ಡವಳು ಹುಡುಗಿ, ಹತ್ತು ವರ್ಷ. ಹುಡುಗನಿಗೆ ಐದು.

ನಾನು ಪ್ರಾಥಮಿಕ ಶಾಲೆಯಲ್ಲಿ ಟೀಚರು. ಮದುವೆಯಾಗಿಲ್ಲ. ಮನೆಯಲ್ಲಿ ನಾನು ಮತ್ತು ನನ್ನ ತಾಯಿ. ನಾವು ಮಾತಾಡುವುದು ತುಳು. ಇಲ್ಲಿ ಬರುವ ಮಾತುಗಳೆಲ್ಲ ಬರೆಯುವಾಗ ಕನ್ನಡವಾದದ್ದು.

ಬಸ್ಸಿನಲ್ಲಿ ಹುಡುಗ ಕಿಟಕಿಯ ಹತ್ತಿರ ಕುಳಿತು ಇಡೀ ದಾರಿ ಖುಷಿಯಾಗಿದ್ದ. "ಅಜ್ಜಿ ಮನೆಗೇ ಹೋಗುವುದಲ್ವಾ ದೊಡ್ಡಮ್ಮ?" ಎಂದು ಗುರುವಾಯನಕೆರೆ ದಾಟುವಾಗ ಕೇಳಿದ. ಪುಂಜಾಲಕಟ್ಟೆಯಲ್ಲಿ ಮತ್ತೊಮ್ಮೆ ಕೇಳಿದ. ಮಗು ನಮ್ಮ ಮನೆಗೆ ಬರಲು ಇಷ್ಟು ಆಸೆಪಡುತ್ತಿದೆಯಲ್ಲ ಎಂದು ನನಗೆ ಸಮಾಧಾನವಾಯಿತು. ಹುಡುಗಿ ಮಾತ್ರ ಬ್ಯಾಗನ್ನು ತೊಡೆಯ ಮೇಲೆ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು.

ಮನೆ ಮುಟ್ಟಿದೊಡನೆ ಅವನು ಚಪ್ಪಲಿ ಕೂಡ ಕಳಚದೆ ಒಳಗೆ ಓಡಿದ. ಚಾವಡಿ, ಒಳಕೋಣೆ, ಅಡುಗೆಮನೆ ಎಲ್ಲ ನೋಡಿದ. ಬಾವಿಕಟ್ಟೆಯವರೆಗೆ ಹೋಗಿ ಬಂದ. ಬಚ್ಚಲಿನ ಬಾಗಿಲು ಮುಚ್ಚಿತ್ತು. ಅದರ ಎದುರು ನಿಂತು ಕೇಳಿದ: "ಅಮ್ಮ ಸ್ನಾನ ಮಾಡ್ತಾ ಇದ್ದಾಳಾ?"

ನನ್ನ ತಾಯಿ ಅವನಿಗೆಂದು ತಂದ ನೀರಿನ ಚೊಂಬನ್ನು ಕೆಳಗಿಟ್ಟು ಹಿತ್ತಲಿಗೆ ಹೋದರು. ನಾನು ಬಾಗಿಲು ತೆರೆದು ತೋರಿಸಿದೆ. "ಇಲ್ಲ ಮಗಾ. ಅಮ್ಮ ಇಲ್ಲಿ ಇಲ್ಲ." ಅವನು ಒಳಗೆ ಬಗ್ಗಿ ನೋಡಿ, "ಇನ್ನೂ ಬರಲಿಲ್ವಾ?" ಎಂದ. ಅಷ್ಟೇ. ಚಪ್ಪಲಿ ಕಳಚಿ, ನೀರು ಕುಡಿದು, ಅಂಗಳಕ್ಕೆ ಇಳಿದ.

ಹುಡುಗಿ ಬ್ಯಾಗಿನಿಂದ ಬಟ್ಟೆ ತೆಗೆದು ಮಡಚಿಡುತ್ತಾ ಹೇಳಿದಳು: "ಅವನು ಹಾಗೇ ಅಂದುಕೊಂಡದ್ದು ದೊಡ್ಡಮ್ಮ. ಆಸ್ಪತ್ರೆಯಿಂದ ಅಮ್ಮ ಸೀದಾ ಅಜ್ಜಿ ಮನೆಗೆ ಹೋಗಿದ್ದಾಳೆ ಅಂತ. ಅಳುವಾಗ ಯಾರೋ ಹಾಗೆ ಹೇಳಿ ಸುಮ್ಮನೆ ಮಾಡಿಸಿದರು."

"ನೀನು ಹೇಳಲಿಲ್ವಾ?"

"ಹೇಳಿದರೆ ಅವನು ಮಲಗುವುದಿಲ್ಲ. ನೆರಿಯದ ಅಜ್ಜಿಗೆ ಕಾಲು ನೋವು, ಅವನನ್ನು ಎತ್ತಿಕೊಂಡು ತಿರುಗಲಿಕ್ಕೆ ಆಗುವುದಿಲ್ಲ."

ಅವಳು ತಮ್ಮನ ಚಡ್ಡಿಗಳನ್ನು ಒಂದು ಕಡೆ, ಅಂಗಿಗಳನ್ನು ಇನ್ನೊಂದು ಕಡೆ ಇಟ್ಟಳು. ತನ್ನ ಬಟ್ಟೆಗಳನ್ನು ಬ್ಯಾಗಿನಿಂದ ತೆಗೆಯಲೇ ಇಲ್ಲ.

ನಿಜ ಹೇಳಬೇಕಾದದ್ದು ನಾನು. ಹೇಗೆ ಹೇಳುವುದೆಂದು ತಿಳಿಯದೆ ಮರುದಿನ ಅವನನ್ನು ಚಾವಡಿಯ ಜಗಲಿಯಲ್ಲಿ ಕೂರಿಸಿಕೊಂಡು ತೆಂಗಿನ ಗರಿ ಕೈಗೆತ್ತಿಕೊಂಡೆ. ಕಾಯಿ ಕೀಳಲು ಬಂದವರು ಎಳೆಯ ಮಡಲೊಂದನ್ನು ಕಡಿದು ಹಾಕಿದ್ದರು. ಶಾಲೆಯಲ್ಲಿ ಸಣ್ಣ ತರಗತಿಯವರಿಗೆ ನಾನು ಮಾಡಿಸುವ ಆಟಿಕೆಗಳನ್ನೇ ಮಾಡಿದೆ. ಗರಿಯನ್ನು ಕಡ್ಡಿಯಿಂದ ಸೀಳಿ ಸುರುಳಿ ಸುತ್ತಿ ಒಂದು ಪೀಪಿ. ಎರಡು ತುಂಡನ್ನು ಒಂದರೊಳಗೊಂದು ಹೊಗಿಸಿ ಕಡ್ಡಿ ಚುಚ್ಚಿದರೆ ಗಾಳಿಗೆ ತಿರುಗುವ ಗಿರಗಿಟ್ಲೆ. ಆಮೇಲೆ ಹಾವು, ಚೆಂಡು. ಅವನಿಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು ಕೈಗಡಿಯಾರ. ನಾಲ್ಕು ಮಡಿಕೆ ಹಾಕಿ ಚೌಕ ಮಾಡಿ, ಉಳಿದ ಬಾಲವನ್ನು ಮಣಿಕಟ್ಟಿಗೆ ಕಟ್ಟಿದರೆ ಆಯಿತು.

ಅವನ ಬೆರಳುಗಳು ಸಣ್ಣವು. ಮಡಿಕೆ ಬಿಚ್ಚಿಹೋಗುತ್ತಿತ್ತು. ಆದರೂ ಹಟ ಬಿಡದೆ ಮಧ್ಯಾಹ್ನದ ಊಟದ ಹೊತ್ತಿಗೆ ಒಂದು ವಾಚು ಮಾಡಿದ. ಬೆಂಡೆಕಾಯಿಯಷ್ಟು ಉದ್ದಕ್ಕೆ ಎಳೆದುಕೊಂಡ, ಚೌಕವಲ್ಲದ ವಾಚು. ನಾನು ಕೈ ಚಾಚಿದೆ.

"ನಿಮಗಲ್ಲ," ಎಂದ. "ಇದು ಅಮ್ಮನಿಗೆ. ಅಮ್ಮನ ವಾಚು ಆಸ್ಪತ್ರೆಯಲ್ಲಿ ತೆಗೆದಿಟ್ಟಿದ್ದಾರೆ."

ಅದು ಹೌದಾಗಿತ್ತು. ಆ ವಾಚು ನನ್ನ ಕಪಾಟಿನಲ್ಲೇ ಇತ್ತು. ಆಸ್ಪತ್ರೆಯವರು ಕೊಟ್ಟದ್ದನ್ನು ನಾನೇ ತೆಗೆದುಕೊಂಡು ಬಂದಿದ್ದೆ.

ಅವನು ಗರಿಯ ವಾಚನ್ನು ಅಕ್ಕಿ ಡಬ್ಬದ ಹಿಂದೆ ತಂಪಿನಲ್ಲಿ ಇಟ್ಟ. ಮಾರನೆಯ ದಿನ ನೋಡುವಾಗ ಅದು ಬಾಡಿ ಮುದುಡಿತ್ತು. "ಇದು ಹಾಳಾಯಿತು, ಇನ್ನೊಂದು ಮಾಡುವ," ಎಂದ. ಮತ್ತೊಂದು ಮಾಡಿದ. ಅದೂ ಒಣಗಿತು. ಹೀಗೆ ಪ್ರತಿದಿನ ಬೆಳಿಗ್ಗೆ ಎದ್ದು ಅಮ್ಮನಿಗೆ ಹೊಸ ವಾಚು ಮಾಡುವುದೇ ಅವನ ಕೆಲಸವಾಯಿತು. ನಾಲ್ಕೈದು ದಿನದೊಳಗೆ ನನಗಿಂತ ಚಂದ ಮಡಚುತ್ತಿದ್ದ. ಅಕ್ಕನನ್ನು ಕರೆದರೆ ಅವಳು ಬರುತ್ತಿರಲಿಲ್ಲ. ಅನ್ನ ಬಸಿಯುವಲ್ಲಿ, ಅಂಗಳ ಗುಡಿಸುವಲ್ಲಿ ನನ್ನ ತಾಯಿಯ ಹಿಂದೆಯೇ ಇರುತ್ತಿದ್ದಳು. "ಆಡು ಹೋಗು ಮಗಾ," ಎಂದರೆ, "ನನಗೆ ಅದೆಲ್ಲ ಗೊತ್ತುಂಟು," ಎನ್ನುತ್ತಿದ್ದಳು.

ಅಷ್ಟರಲ್ಲಿ ಬಿಸು ಹತ್ತಿರ ಬಂತು. ಸೌರಮಾನದ ಯುಗಾದಿ ನಮಗೆ ಬಿಸು. ಬೆಳಿಗ್ಗೆ ಎದ್ದೊಡನೆ ದೇವರ ಮುಂದೆ ಜೋಡಿಸಿಟ್ಟ ಹಣ್ಣುಕಾಯಿಗಳ ಕಣಿ ನೋಡಿ, ಹಿರಿಯರ ಕಾಲು ಹಿಡಿದು, ಮಧ್ಯಾಹ್ನ ಹೆಸರುಬೇಳೆ ಪಾಯಸದ ಊಟ. ನಮ್ಮ ಮನೆಯಲ್ಲಿ ಆ ದಿನ ಗುಂಡವೂ ಆಗಬೇಕು. ಹಲಸಿನ ಎಲೆಯ ಕೊಟ್ಟೆಯಲ್ಲಿ ಉದ್ದು, ಅಕ್ಕಿಯ ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸುವ ಕಡುಬಿಗೆ ನಾವು ಗುಂಡ ಎನ್ನುತ್ತೇವೆ. ಕೊಟ್ಟೆ ಕಟ್ಟುವುದು ಮಕ್ಕಳ ಪಾಲಿನ ಕೆಲಸ. ನಾಲ್ಕು ಎಲೆಗಳ ತುದಿಗಳನ್ನು ಒಂದರ ಮೇಲೊಂದು ಇಟ್ಟು ಕಡ್ಡಿ ಚುಚ್ಚಬೇಕು. ಆಮೇಲೆ ಅಂಚುಗಳನ್ನು ಮೇಲೆತ್ತಿ ಸೇರಿಸಿ ಚುಚ್ಚಿದರೆ ಲೋಟದ ಹಾಗೆ ಆಗುತ್ತದೆ. ನಾನೂ ತಂಗಿಯೂ ಸಣ್ಣವರಿರುವಾಗ ಯಾರ ಕೊಟ್ಟೆಯಲ್ಲಿ ನೀರು ಸೋರುವುದಿಲ್ಲ ಎಂದು ಪಂತ ಕಟ್ಟುತ್ತಿದ್ದೆವು. ಅವಳದ್ದು ಸೋರುತ್ತಿತ್ತು. ಸೋರಿದರೂ ಅವಳು ಗೆದ್ದೆ ಎನ್ನುತ್ತಿದ್ದಳು.

ಆ ವರ್ಷ ಮಾತ್ರ ನಮಗೆ ಬಿಸು ಇರಲಿಲ್ಲ. ಮನೆಯಲ್ಲಿ ಸಾವಾದರೆ ವರ್ಷ ಕಳೆಯುವವರೆಗೆ ಹಬ್ಬ ಮಾಡುವ ಕ್ರಮ ಇಲ್ಲ. ನಮ್ಮಲ್ಲಿ ಹೆಣ್ಣುಮಕ್ಕಳು ಮದುವೆಯಾಗಿ ಎಲ್ಲಿಗೆ ಹೋದರೂ ತಾಯಿಯ ಕುಟುಂಬದವರೇ. ಆದ್ದರಿಂದ ತಂಗಿಯ ಸಾವು ನೆರಿಯದ ಮನೆಗೆ ಎಷ್ಟೋ ನಮ್ಮ ಮನೆಗೂ ಅಷ್ಟೇ. ನನ್ನ ತಾಯಿ ದೀಪಾವಳಿಗೂ ದೀಪ ಹಚ್ಚಿರಲಿಲ್ಲ.

ಐದು ವರ್ಷದ ಹುಡುಗನಿಗೆ ಇದು ಯಾವುದೂ ಗೊತ್ತಿಲ್ಲ. ಹಿಂದಿನ ವರ್ಷದ ನೆನಪಿನಲ್ಲಿ ಅವನು ಹಿತ್ತಲಿನ ಹಲಸಿನ ಮರದ ಕೆಳಗೆ ಎಲೆ ಹೆಕ್ಕಿ ಹೆಕ್ಕಿ ಅಂಗಿಯಲ್ಲಿ ತುಂಬಿಕೊಂಡು ಬಂದ. ನನ್ನ ತಾಯಿ ಜಗಲಿಯಲ್ಲಿ ಕುಳಿತು ತರಕಾರಿ ಹೆಚ್ಚುತ್ತಿದ್ದರು.

"ಈ ವರ್ಷ ನಮಗೆ ಬಿಸು ಇಲ್ಲ ಮಗಾ," ಎಂದರು.

"ಯಾಕೆ?"

ತಾಯಿ ಇನ್ನೊಂದು ತರಕಾರಿ ಕೈಗೆತ್ತಿಕೊಂಡರು. ಅವನೇ ಹೇಳಿದ: "ಅಮ್ಮ ಬಂದರೆ ಉಂಟಲ್ವಾ? ಅಮ್ಮ ಬಿಸುವಿಗೆ ಬರ್ತಾಳೆ."

ನಾನು ಒಳಗಿನಿಂದ ಹೊರಗೆ ಬಂದೆ. ಇನ್ನು ತಡಮಾಡುವುದು ಬೇಡ ಎಂದು ಅವನ ಎದುರು ಕುಳಿತೆ. ನಾನು ಬಾಯಿ ತೆರೆಯುವ ಮೊದಲೇ ಒಗೆಯುವ ಕಲ್ಲಿನ ಹತ್ತಿರ ಇದ್ದ ಹುಡುಗಿ ಒದ್ದೆ ಕೈಯಲ್ಲೇ ಬಂದು ಅವನ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತಳು.

"ಅಮ್ಮ ಬರುವುದಿಲ್ಲ," ಎಂದಳು.

"ಬಿಸುವಿಗೆ?"

"ಬಿಸುವಿಗೂ ಇಲ್ಲ, ಮತ್ತೆಯೂ ಇಲ್ಲ. ಅಮ್ಮ ಸತ್ತಿದ್ದಾಳೆ. ನಮ್ಮ ಕರಿ ಬೆಕ್ಕು ಸತ್ತಿತ್ತಲ್ಲ, ಹಾಗೆ."

ಅವನು ಯೋಚಿಸಿದ. "ಬೆಕ್ಕನ್ನು ಗುಂಡಿ ತೋಡಿ ಹಾಕಿದ್ದು."

"ಹೌದು."

"ಅಮ್ಮನನ್ನು?"

ಅವಳು ನನ್ನ ಕಡೆ ನೋಡಿದಳು. ನಾನು ಹುಡುಗನನ್ನು ತೊಡೆಯ ಮೇಲೆ ಎಳೆದುಕೊಂಡು ಹೇಳಿದೆ. ಬೆಂಕಿ ಎನ್ನುವ ಮಾತನ್ನು ಮರೆಮಾಚಲಿಲ್ಲ. ಅಮ್ಮನಿಗೆ ಆಗ ನೋವು ಗೊತ್ತಾಗುವುದಿಲ್ಲ ಎಂದೆ. ಪಪ್ಪ ಅಲ್ಲೇ ಇದ್ದರು, ನಾನೂ ಇದ್ದೆ, ಅಮ್ಮನನ್ನು ಒಬ್ಬಳನ್ನೇ ಬಿಡಲಿಲ್ಲ ಎಂದೆ. ಅವನು ನನ್ನ ಬಳೆಯನ್ನು ತಿರುಗಿಸುತ್ತಾ ಕೇಳಿಸಿಕೊಂಡ.

"ಹಾಗಾದರೆ ವಾಚು ಯಾರಿಗೆ?" ಎಂದ.

ಅವನು ತೊಡೆಯಿಂದ ಇಳಿದು, ಎಲೆಗಳನ್ನು ಅಲ್ಲಿಯೇ ಬಿಟ್ಟು ಒಳಗೆ ಹೋಗಿ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ. ಆ ದಿನ ಉಣ್ಣಲಿಲ್ಲ. ಮರುದಿನ ಗಂಜಿ ಮಾತ್ರ ಕುಡಿದ. ಗರಿ ತಂದುಕೊಟ್ಟರೆ ಮುಟ್ಟಲಿಲ್ಲ.

ನಮ್ಮ ಆಚೆ ಮನೆಯವರು ಬ್ಯಾರಿ ಮುಸ್ಲಿಮರು. ಅವರ ಯಜಮಾನರಿಗೆ ಪಾಣೆಮಂಗಳೂರಿನಲ್ಲಿ ಬಟ್ಟೆ ಅಂಗಡಿ. ಆ ಮನೆಯಾಕೆ ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವರು. ನಾನು ಅವರನ್ನು ಅಕ್ಕ ಎಂದೇ ಕರೆಯುವುದು. ಅವರು ನನ್ನನ್ನು ಟೀಚರ್ ಎನ್ನುತ್ತಾರೆ, ತಂಗಿಯನ್ನು ಮಾತ್ರ ಕೊನೆಯವರೆಗೂ 'ಬಾಲೆ', ಅಂದರೆ ಮಗು, ಎನ್ನುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ಅವರು ನಮ್ಮ ತಂಗಿಯನ್ನು ಎತ್ತಿಕೊಂಡು ತಿರುಗಿದವರು. ಜಗಲಿಯಲ್ಲಿ ಬಿದ್ದು ಒಣಗುತ್ತಿದ್ದ ಹಲಸಿನ ಎಲೆಗಳನ್ನು ಅವರು ಬೇಲಿಯಾಚೆಯಿಂದ ನೋಡಿದ್ದರು. ಬಿಸುವಿನ ಹಿಂದಿನ ಸಂಜೆ ಬೇಲಿಯ ಹತ್ತಿರ ಬಂದು ನನ್ನ ತಾಯಿಯನ್ನು ಕರೆದರು.

"ನಿಮ್ಮಲ್ಲಿ ಮಾಡ್ಲಿಕ್ಕಿಲ್ಲ ಅಂತ ನನಗೆ ಗೊತ್ತುಂಟು," ಎಂದರು. "ನಮ್ಮಲ್ಲಿ ಮಾಡಬಹುದಲ್ಲ. ಮಕ್ಕಳನ್ನು ನಾಳೆ ಕಳಿಸಿ. ಗುಂಡ ನನಗೆ ಬರುವುದಿಲ್ಲ, ಟೀಚರ್ ಬಂದು ಹೇಳಿಕೊಟ್ಟರೆ ಸಾಕು."

ತಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು. "ನಿಮಗೆ ಉಪವಾಸ ಅಲ್ವಾ?" ಎಂದು ಕೇಳಿದರು. ಅದು ರಂಜಾನ್ ತಿಂಗಳು.

"ಉಪವಾಸ ನನಗೆ. ಮಕ್ಕಳಿಗೆ ಅಲ್ಲ."

"ಮಕ್ಕಳು ಬರಲಿ. ನಾನು ಬರುವುದಿಲ್ಲ," ಎಂದರು ತಾಯಿ.

ಹಿಟ್ಟನ್ನು ಅಕ್ಕ ನಾನು ಹೇಳಿದ ಅಳತೆಯಲ್ಲಿ ಆ ರಾತ್ರಿಯೇ ರುಬ್ಬಿಟ್ಟರು. ಬೆಳಿಗ್ಗೆ ಹುಡುಗನನ್ನು ಹೊರಡಿಸಲು ಕಷ್ಟವಾಯಿತು. ಅಕ್ಕನ ಮನೆಯ ಹಿಂದೆಯೂ ಒಂದು ಹಲಸಿನ ಮರ ಉಂಟು, ಅದರ ಎಲೆ ದೊಡ್ಡದಾ ನಮ್ಮದು ದೊಡ್ಡದಾ ನೋಡಬೇಕು ಎಂದು ನಾನು ಹೇಳಿದ ಮೇಲೆ ಎದ್ದ. ಅವರ ಅಡುಗೆಮನೆಯ ಹಿಂದಿನ ಜಗಲಿಯಲ್ಲಿ ನಾವು ಮೂವರು ಕುಳಿತೆವು. ಹುಡುಗಿ ಹಿಡಿಸೂಡಿ ಪೊರಕೆಯ ಕಡ್ಡಿಗಳನ್ನು ಬೆರಳುದ್ದಕ್ಕೆ ಮುರಿದು ಕೊಟ್ಟಳು. ಹುಡುಗ ಮೊದಲು ಸುಮ್ಮನೆ ನೋಡಿದ. ನಾನು ಬೇಕೆಂದೇ ಒಂದು ಕೊಟ್ಟೆಯನ್ನು ತಪ್ಪು ಚುಚ್ಚಿದೆ. ಅವನು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಬಿಚ್ಚಿ ಸರಿಮಾಡಿದ. ಆಮೇಲೆ ನಿಲ್ಲಿಸಲಿಲ್ಲ. ಮಾತಾಡದೆ, ತಲೆ ಎತ್ತದೆ ಕೊಟ್ಟೆಯ ಮೇಲೆ ಕೊಟ್ಟೆ ಕಟ್ಟಿದ. ಹಿಟ್ಟಿಗಿಂತ ಕೊಟ್ಟೆಗಳೇ ಹೆಚ್ಚಾದವು.

ಒಳಗೆ ಅಕ್ಕ ಪಾಯಸ ಕಲಕುತ್ತಿದ್ದರು. ಅವರು ರುಚಿ ನೋಡುವ ಹಾಗಿಲ್ಲ. "ಬಾ ಮಗಳೇ, ಬೆಲ್ಲ ಸಾಕಾ ನೋಡು. ನಾನು ಬಾಯಿಗೆ ಹಾಕ್ಲಿಕ್ಕಿಲ್ಲ," ಎಂದು ಹುಡುಗಿಯನ್ನು ಕರೆದರು. ಅವಳು ಹೋದಳು. ಅಕ್ಕ ಸೌಟಿನ ತುದಿಯಿಂದ ಒಂದಿಷ್ಟನ್ನು ಬಟ್ಟಲಿಗೆ ಹಾಕಿ, ಊದಿ ಕೊಟ್ಟರು. ಹುಡುಗಿ ಒಂದು ಚಮಚ ಬಾಯಿಗೆ ಹಾಕಿಕೊಂಡು ನಿಂತಳು.

"ಬೆಲ್ಲ ಸಾಕು," ಎಂದಳು. "ಆದರೆ ಒಂದು ಚಿಟಿಕೆ ಉಪ್ಪು ಹಾಕಬೇಕು."

"ಪಾಯಸಕ್ಕೆ ಉಪ್ಪಾ?"

"ಅಮ್ಮ ಹಾಕ್ತಾ ಇದ್ದಳು."

ಅಕ್ಕ ಉಪ್ಪಿನ ಭರಣಿಯನ್ನು ಅವಳ ಮುಂದೆ ಹಿಡಿದರು. ಅವಳು ಚಿಟಿಕೆ ಉಪ್ಪು ಹಾಕಿ, ಅಕ್ಕ ಕಲಕಿದ ಮೇಲೆ ಇನ್ನೊಂದು ಚಮಚ ನೋಡಿದಳು. ಅವಳು ಬಟ್ಟಲನ್ನು ಕೆಳಗಿಟ್ಟದ್ದು ನನಗೆ ಜಗಲಿಯಿಂದ ಕಂಡಿತು. ಅವಳು ಅಲ್ಲಿಯೇ ಒಲೆಯ ಹತ್ತಿರ ನೆಲದಲ್ಲಿ ಕುಳಿತು ಅತ್ತಳು. ಆಸ್ಪತ್ರೆಯಲ್ಲಿ, ನೆರಿಯದ ಅಂಗಳದಲ್ಲಿ, ಕ್ರಿಯೆಯ ದಿನ, ಎಲ್ಲಿಯೂ ಅಳದವಳು. ದೊಡ್ಡವರ ಹಾಗೆ ಸದ್ದಿಲ್ಲದೆ ಅಲ್ಲ, ಸಣ್ಣ ಮಗು ಬಿದ್ದು ಪೆಟ್ಟು ಮಾಡಿಕೊಂಡಾಗ ಅಳುವ ಹಾಗೆ. ನಾನು ಏಳುವಷ್ಟರಲ್ಲಿ ಅಕ್ಕ ಅವಳನ್ನು ಒಂದು ಕೈಯಲ್ಲಿ ತಮ್ಮ ಕಾಲಿಗೆ ಒತ್ತಿ ಹಿಡಿದುಕೊಂಡಿದ್ದರು. ಇನ್ನೊಂದು ಕೈ ಪಾಯಸ ತಳ ಹಿಡಿಯದಂತೆ ಕಲಕುತ್ತಲೇ ಇತ್ತು. "ಅಳು ಮಗಳೇ," ಎಂದರು. ಅವರ ಕಣ್ಣಿನಿಂದಲೂ ನೀರು ಇಳಿಯುತ್ತಿತ್ತು.

ಹುಡುಗ ಬಾಗಿಲಿನಲ್ಲಿ ಬಂದು ನಿಂತ. ಕೈಯಲ್ಲಿ ಅರ್ಧ ಕಟ್ಟಿದ ಕೊಟ್ಟೆ. ಅವನು ತನ್ನ ಅಕ್ಕನನ್ನು ಹೀಗೆ ಎಂದೂ ನೋಡಿರಲಿಲ್ಲ. ಮೆಲ್ಲಗೆ ಹೋಗಿ ಅವಳ ಹತ್ತಿರ ಕುಳಿತು, ಏನು ಮಾಡುವುದೆಂದು ತಿಳಿಯದೆ, ಆ ಕೊಟ್ಟೆಯನ್ನು ಅವಳ ಮಡಿಲಲ್ಲಿ ಇಟ್ಟ.

ಗುಂಡ ಚೆನ್ನಾಗಿ ಬರಲಿಲ್ಲ. ಹಿಟ್ಟು ಸರಿಯಾಗಿ ಹುಳಿ ಬಂದಿರಲಿಲ್ಲ, ಗಟ್ಟಿಯಾಗಿತ್ತು. ಆದರೂ ಮಕ್ಕಳು ತಿಂದರು. ಹುಡುಗ ಎರಡು ತಿಂದು ಮೂರನೆಯದಕ್ಕೆ ಕೈ ಚಾಚಿದ. ಮಧ್ಯಾಹ್ನ ಮನೆಗೆ ಬರುವಾಗ ಒಂದನ್ನು ಎಲೆ ಸಮೇತ ಕೈಯಲ್ಲಿ ಹಿಡಿದುಕೊಂಡು ಬಂದು ಅಜ್ಜಿಗೆ ಕೊಟ್ಟ.

"ಅಲ್ಲಿಡು ಮಗಾ," ಎಂದರು ನನ್ನ ತಾಯಿ. ಅವರು ತಿನ್ನುವುದಿಲ್ಲ ಎಂದು ನನಗೆ ಗೊತ್ತಿತ್ತು. ಮಕ್ಕಳು ಆಚೆ ಹೋದ ಮೇಲೆ, "ಮಗು ಕೊಟ್ಟದ್ದಲ್ವಾ, ಒಂದು ಚೂರು ಬಾಯಿಗೆ ಹಾಕಬಹುದಿತ್ತು," ಎಂದೆ.

ತಾಯಿ ನನ್ನ ಮುಖ ನೋಡದೆ ಹೇಳಿದರು: "ಅವಳಿಗೆ ನಾನು ಇನ್ನು ಮಾಡ್ಲಿಕ್ಕೆ ಏನುಂಟು? ಒಂದು ವರ್ಷ ಬಾಯಿ ಕಟ್ಟುವುದು, ಅಷ್ಟೇ. ಅದನ್ನೂ ಮಾಡಬೇಡ ಅಂತೀಯಾ?"

ನಾನು ಆ ಗುಂಡವನ್ನು ಎತ್ತಿ ಮುಚ್ಚಿಟ್ಟೆ.

ಬಿಸು ಕಳೆದ ಮೇಲೆ ಮನೆ ಸ್ವಲ್ಪ ಹಗುರವಾದ ಹಾಗೆ ಅನಿಸಿತು. ಹುಡುಗ ರಾತ್ರಿ ಎದ್ದು ಅಳುವುದು ಶುರುವಾಯಿತು. ಆದರೆ ಹಗಲು ಆಡುತ್ತಿದ್ದ. ಹುಡುಗಿ ಬ್ಯಾಗಿನಿಂದ ತನ್ನ ಬಟ್ಟೆ ತೆಗೆದು ಕಪಾಟಿನಲ್ಲಿ ಇಟ್ಟಳು. ಹಲಸಿನಕಾಯಿ ಹಪ್ಪಳ ಒತ್ತುವಾಗ ಇಬ್ಬರೂ ನನ್ನ ಜೊತೆ ಕುಳಿತರು. ಬಿಸಿಲಿಗೆ ಹಾಕಿದ ಚಾಪೆಯ ಪಕ್ಕ ಕೋಲು ಹಿಡಿದು ಕಾಗೆ ಓಡಿಸುವ ಕೆಲಸಕ್ಕೆ ಜಗಳವನ್ನೂ ಆಡಿದರು. ಆ ಜಗಳ ಕೇಳಿ ನನ್ನ ತಾಯಿ ಒಳಗಿನಿಂದ, "ಹೊಡೆದಾಡಬೇಡಿ," ಎಂದು ಗದರಿದರು. ಎಷ್ಟೋ ತಿಂಗಳ ನಂತರ ಅವರ ಸ್ವರ ಏರಿದ್ದು ಅಂದೇ.

ಮಕ್ಕಳನ್ನು ನಮ್ಮಲ್ಲೇ ಇಟ್ಟುಕೊಳ್ಳುವುದೆಂದು ನಾನು ಮನಸ್ಸಿನಲ್ಲೇ ನಿಶ್ಚಯ ಮಾಡಿದ್ದೆ. ಶಾಲೆ ಶುರುವಾಗುವ ಮೊದಲು ಅವರ ತಂದೆ ಮಸ್ಕತ್ತಿನಿಂದ ಬಂದ. ಮಾತು ಕಡಿಮೆ ಇರುವ ಮನುಷ್ಯ. ತಂಗಿ ಇರುವಾಗ ಅವನ ಪಾಲಿನ ಮಾತನ್ನೂ ಅವಳೇ ಆಡುತ್ತಿದ್ದಳು. ಬಂದ ಮರುದಿನ ಬೆಳಿಗ್ಗೆ ಅವನು ಬಾವಿಯ ಹತ್ತಿರ ಹಲ್ಲುಜ್ಜುತ್ತಾ ನಿಂತದ್ದನ್ನು ನೋಡಿದೆ. ಒಗೆಯುವ ಕಲ್ಲಿನಲ್ಲಿ ಮಗಳು ತಮ್ಮನ ಬಟ್ಟೆ ಒಗೆಯುತ್ತಿದ್ದಳು. ಬೇಡವೆಂದರೂ ಆ ಒಂದು ಕೆಲಸವನ್ನು ಅವಳು ನಮಗೆ ಬಿಟ್ಟುಕೊಟ್ಟಿರಲಿಲ್ಲ. ಅವನು ಬ್ರಷ್ ಬಾಯಲ್ಲೇ ಇಟ್ಟುಕೊಂಡು ಹಾಗೆಯೇ ನಿಂತುಬಿಟ್ಟಿದ್ದ.

ಮಧ್ಯಾಹ್ನ ಊಟವಾದ ಮೇಲೆ ನನ್ನ ಹತ್ತಿರ ಬಂದು ಕುಳಿತ. "ಅಕ್ಕ, ಒಂದು ವಿಷಯ ಹೇಳ್ತೇನೆ, ಬೇಸರ ಮಾಡಬೇಡಿ. ಮಗನನ್ನು ನೀವು ಇಟ್ಟುಕೊಳ್ಳಿ. ಮಗಳನ್ನು ಮೂಡುಬಿದಿರೆಯಲ್ಲಿ ಹಾಸ್ಟೆಲಿಗೆ ಸೇರಿಸ್ತೇನೆ."

"ಇಬ್ಬರನ್ನು ಬೇರೆ ಮಾಡುವುದಾ?" ಎಂದೆ.

"ಅವಳು ಅವನ ಅಮ್ಮ ಆಗಿಬಿಟ್ಟಿದ್ದಾಳೆ ಅಕ್ಕ. ನೀವೇ ನೋಡಿದ್ದೀರಿ. ಇಲ್ಲಿ ಇದ್ದರೆ ಅವಳು ಹಾಗೆಯೇ ಇರ್ತಾಳೆ. ಅವಳಿಗೆ ಹತ್ತು ವರ್ಷ. ಅವಳ ವಯಸ್ಸಿನವರ ಜೊತೆ ಅವಳು ಆಡಿಕೊಂಡು ಇರಲಿ."

"ಅಮ್ಮ ಹೋದದ್ದು ಸಾಲದಾ ಅವನಿಗೆ?"

ಅವನು ತಲೆ ತಗ್ಗಿಸಿದ. ನಾನು ಎರಡು ದಿನ ಅವನ ಹತ್ತಿರ ವಾದ ಮಾಡಿದೆ. ಅವನು ಎದುರು ಹೇಳುತ್ತಿರಲಿಲ್ಲ, ಒಪ್ಪುತ್ತಲೂ ಇರಲಿಲ್ಲ. ಕೊನೆಗೆ ಹುಡುಗಿಯನ್ನೇ ಕೇಳಿದೆವು. "ಪಪ್ಪ ಹೇಳಿದ ಹಾಗೆ," ಎಂದಳು. ಅವಳಿಗೆ ಏನು ಬೇಕಿತ್ತೆಂದು ನನಗೆ ಇಂದಿಗೂ ಗೊತ್ತಿಲ್ಲ.

ಹೊರಡುವ ಹಿಂದಿನ ದಿನ ಅವಳು ನನ್ನನ್ನು ಒಳಕೋಣೆಗೆ ಕರೆದು ಮೆಲುದನಿಯಲ್ಲಿ ಹೇಳಿದಳು: "ತಲೆಗೆ ಸ್ನಾನ ಮಾಡಿಸುವಾಗ ಕಣ್ಣು ಮುಚ್ಚು ಅಂತ ಮೊದಲೇ ಹೇಳಬೇಕು ದೊಡ್ಡಮ್ಮ. ಇಲ್ಲದಿದ್ದರೆ ಹೆದರ್ತಾನೆ. ಮೀನಿನ ಮುಳ್ಳು ತೆಗೆದದ್ದು ಅವನಿಗೆ ಕಾಣಬೇಕು, ಕಾಣದಿದ್ದರೆ ತಿನ್ನುವುದಿಲ್ಲ. ಮಲಗುವಾಗ ನಿಮ್ಮ ಕಿವಿ ಹಿಡಿಯುತ್ತಾನೆ, ಬಿಡಿಸಬೇಡಿ."

ನಾನು ಆಯಿತು ಎಂದೆ. ನಾನು ಮರೆಯುವುದಿಲ್ಲ ಎಂದು ಖಾತ್ರಿಯಾಗುವವರೆಗೆ ಅವಳು ನನ್ನ ಮುಖವನ್ನು ನೋಡುತ್ತಲೇ ಇದ್ದಳು.

ಮರುದಿನ ಬಾಡಿಗೆ ಕಾರಿನಲ್ಲಿ ಎಲ್ಲರೂ ಹೋದೆವು. ನನ್ನ ತಾಯಿ ಮನೆಯಲ್ಲೇ ಉಳಿದರು. ಬಂಟ್ವಾಳ ಪೇಟೆ ದಾಟಿ, ಸಿದ್ದಕಟ್ಟೆಯ ಮೇಲಿಂದ ಮೂಡುಬಿದಿರೆ ಮುಟ್ಟುವವರೆಗೆ ಹುಡುಗ ತನ್ನ ಅಕ್ಕನ ಮಡಿಲಲ್ಲೇ ಕುಳಿತಿದ್ದ. ಹಾಸ್ಟೆಲಿನ ಕೋಣೆಯಲ್ಲಿ ಅವಳ ಮಂಚದ ಮೇಲೆ ಹಾರಿ ಹಾರಿ ನೋಡಿದ. ಮೇಲ್ವಿಚಾರಕಿ ಒಳ್ಳೆಯ ಹೆಂಗಸು, ಅವನಿಗೆ ಬಿಸ್ಕೆಟ್ ಕೊಟ್ಟರು. ಹೊರಡುವಾಗ ಹುಡುಗಿ ಗೇಟಿನವರೆಗೆ ಬಂದು ಕೈ ಬೀಸಿದಳು. ಯಾರೂ ಅಳಲಿಲ್ಲ.

ತಿರುಗಿ ಬರುವಾಗ ಅವನು ನನ್ನ ಪಕ್ಕದಲ್ಲಿದ್ದ. ಸಿದ್ದಕಟ್ಟೆ ಹತ್ತಿರವಾಗುತ್ತಿತ್ತು. ಅವನು ಖಾಲಿ ಸೀಟನ್ನು ಕೈಯಿಂದ ಸವರುತ್ತಾ ಕೇಳಿದ: "ಅಕ್ಕನೂ ಸತ್ತಳಾ?"

ಎದುರು ಸೀಟಿನಲ್ಲಿದ್ದ ಅವನ ತಂದೆ ಡ್ರೈವರಿಗೆ, "ನಿಲ್ಲಿಸಿ," ಎಂದ. ಕಾರು ಬದಿಗೆ ನಿಂತಿತು. ಅವನು ಇಳಿದು ಹೋಗಿ ಒಂದು ಮೋರಿಯ ಕಟ್ಟೆಯ ಮೇಲೆ ಕುಳಿತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ನಾನು ಹುಡುಗನಿಗೆ ಹೇಳಿದೆ: ಅಕ್ಕ ಇದ್ದಾಳೆ, ಶಾಲೆಗೆ ಹೋಗಲಿಕ್ಕೆ ಅಲ್ಲಿ ಉಳಿದದ್ದು, ಬರ್ತಾಳೆ. ಹೇಳುವಾಗಲೇ ನನಗೆ ಗೊತ್ತಾಯಿತು, ಅಮ್ಮನ ವಿಷಯದಲ್ಲೂ ಅವನಿಗೆ ಯಾರೋ ಇಂಥದೇ ಮಾತು ಹೇಳಿದ್ದರು. ಅವನು ನನ್ನನ್ನು ನಂಬಲಿಲ್ಲ. ಅವನ ಮುಖದಲ್ಲಿ ಅದು ಕಾಣುತ್ತಿತ್ತು.

ತಂದೆ ಮುಖ ತೊಳೆದುಕೊಂಡು ಬಂದು, "ತಿರುಗಿಸಿ," ಎಂದ. ನಾವು ಮತ್ತೆ ಮೂಡುಬಿದಿರೆಗೆ ಹೋದೆವು. ಮೇಲ್ವಿಚಾರಕಿಗೆ ನಾನು ನಾಲ್ಕು ಮಾತಿನಲ್ಲಿ ವಿಷಯ ಹೇಳಿದೆ. ಅವರು ಏನೂ ಕೇಳದೆ ಹುಡುಗಿಯನ್ನು ಕರೆಸಿದರು. ಅವಳು ಹಾಸ್ಟೆಲಿನ ಉಳಿದ ಹುಡುಗಿಯರ ಜೊತೆ ಊಟಕ್ಕೆ ಕುಳಿತಿದ್ದಳಂತೆ, ಎಂಜಲು ಕೈಯಲ್ಲೇ ಓಡಿ ಬಂದಳು. ಹುಡುಗ ಅವಳ ಕೆನ್ನೆ ಮುಟ್ಟಿದ. ಕೈ ಮೂಸಿ, "ಏನು ಊಟ?" ಎಂದು ಕೇಳಿದ. "ಸಾರು, ಬೀಟ್‌ರೂಟು ಪಲ್ಯ," ಎಂದಳು. "ಛೀ," ಎಂದ. ಅವಳು ನಕ್ಕಳು. ಆಮೇಲೆ ಅವನಾಗಿಯೇ ಬಂದು ಕಾರು ಹತ್ತಿದ. ಆ ವರ್ಷವಿಡೀ ಎರಡು ವಾರಕ್ಕೊಮ್ಮೆ ಅವನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ತೋರಿಸುತ್ತಿದ್ದೆ.

ನಾಲ್ಕು ವರ್ಷ ಆಯಿತು. ತಂಗಿಯ ವರ್ಷ ಕಳೆದ ಮೇಲೆ ನಮ್ಮ ಮನೆಯಲ್ಲಿ ಬಿಸು ಮತ್ತೆ ಶುರುವಾಯಿತು. ಹುಡುಗ ನನ್ನ ಶಾಲೆಯಲ್ಲೇ ನಾಲ್ಕನೆಯ ತರಗತಿ ಮುಗಿಸಿದ. ಮನೆಯಲ್ಲಿ ದೊಡ್ಡಮ್ಮ, ಶಾಲೆಯಲ್ಲಿ ಟೀಚರ್. ಒಮ್ಮೊಮ್ಮೆ ನಿದ್ದೆಗಣ್ಣಿನಲ್ಲಿ ಅಮ್ಮ ಎಂದೂ ಕರೆದದ್ದುಂಟು. ಹುಡುಗಿ ಈಗ ನನ್ನಷ್ಟೇ ಎತ್ತರ. ಗೆಳತಿಯರು ಬಹಳ ಜನ. ತಂದೆ ಬಯಸಿದ ಹಾಗೆಯೇ ನಗುತ್ತಾಳೆ, ಆಡುತ್ತಾಳೆ. ಮುಂದಿನ ವರ್ಷ ದೊಡ್ಡ ಪರೀಕ್ಷೆ ಇದೆ. ರಜೆಯಲ್ಲೂ ಕ್ಲಾಸು. ಹೋದ ಬಿಸುವಿಗೆ ಎರಡೇ ದಿನಕ್ಕೆ ಬಂದಿದ್ದಳು.

ಬಿಸುವಿನ ಬೆಳಿಗ್ಗೆ ಇಬ್ಬರೂ ಜಗಲಿಯಲ್ಲಿ ಕುಳಿತು ಕೊಟ್ಟೆ ಕಟ್ಟುತ್ತಿದ್ದರು. ನಾನು ಒಳಗೆ ಹಿಟ್ಟಿಗೆ ಉಪ್ಪು ಬೆರೆಸುತ್ತಿದ್ದೆ. ಹುಡುಗ ಸಹಜವಾಗಿ, ಶಾಲೆಯ ಪಾಠದ ಬಗ್ಗೆ ಕೇಳುವ ಹಾಗೆ ಕೇಳಿದ: "ಅಕ್ಕಾ, ಅಮ್ಮನ ಸ್ವರ ಹೇಗಿತ್ತು?"

"ನಿನಗೆ ನೆನಪಿಲ್ವಾ?"

"ಫೋಟೋದಲ್ಲಿ ನೋಡಿದ್ದು ನೆನಪುಂಟು. ಸ್ವರ ಇಲ್ಲ."

ಅವಳು ಇನ್ನೊಂದು ಕಡ್ಡಿ ಮುರಿದಳು. ಆಮೇಲೆ ಅವಳು ಅಂದಳು: "ದೊಡ್ಡಮ್ಮನ ಹಾಗೆಯೇ. ಸ್ವಲ್ಪ ಜೋರು. ಬೇಗ ಬೇಗ."

"ಹೌದಾ?" ಎಂದ ಅವನು. ಬೇರೆ ಯಾರದೋ ಮನೆಯ ವಿಷಯ ಕೇಳಿದವನ ಹಾಗೆ. ಮತ್ತೆ ತನ್ನ ಎಲೆಯ ಕಡೆ ತಿರುಗಿದ. ಅವಳು ಮುಂದಿನ ಕೊಟ್ಟೆಗೆ ಎಲೆ ಆರಿಸಿದಳು. ಅವಳಮ್ಮ ಹೇಗಿದ್ದಳೆಂದು ಇನ್ನು ಮುಂದೆ ಅವಳು ಒಬ್ಬಳೇ ನೆನಪಿಟ್ಟುಕೊಳ್ಳಬೇಕು. ನನಗೆ ಗೊತ್ತಿರುವುದು ನನ್ನ ತಂಗಿ. ಅವಳಿಗೆ ಗೊತ್ತಿದ್ದ ಅಮ್ಮನನ್ನು ಅರಿತವರು ಈ ಮನೆಯಲ್ಲಿ ಬೇರೆ ಯಾರೂ ಇಲ್ಲ.

ಹಿಟ್ಟು ತೆಗೆದುಕೊಂಡು ಜಗಲಿಗೆ ಬಂದು ನಾನು ಅವಳ ಪಕ್ಕದಲ್ಲಿ ಕುಳಿತೆ. ಅವಳು ಕೊಟ್ಟೆಗಳನ್ನು ಒಂದೊಂದಾಗಿ ಹಿಡಿದಳು, ನಾನು ಹೊಯ್ದೆ. ಮರುದಿನ ಮಧ್ಯಾಹ್ನ ಅವಳನ್ನು ಬಂಟ್ವಾಳದಲ್ಲಿ ಮೂಡುಬಿದಿರೆಯ ಬಸ್ಸಿಗೆ ಹತ್ತಿಸಿದೆವು. ಸೀಟು ಸಿಕ್ಕಿತಾ ಎಂದು ಹುಡುಗ ಕಿಟಕಿಯ ಕೆಳಗೆ ಓಡುತ್ತಾ ಕೇಳಿದ. ಸಿಕ್ಕಿತು ಎಂದು ಅವಳು ಕೈ ತೋರಿಸಿದಳು.